ಬೂಟು ತೇಲಿಸಿದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಹೆಸರನ್ನು ನಾನು ಒಮ್ಮೆಯೂ ಪತ್ರಿಕೆಯಲ್ಲಿ ಹಾಕಿದವನಲ್ಲ. ಹಾಕಬೇಡಿ ಎಂದು ಅವರೇ ಹೇಳಿದ್ದರು. 'ವೈದ್ಯಾಧಿಕಾರಿಗಳು ತಿಳಿಸಿದ್ದಾರೆ ಅಂತ ಬರೀರಿ, ಸಾಕು. ನಾಳೆ ನಾನು ಹೇಳಿದ್ದು ತಪ್ಪು ಅಂತಾದ್ರೆ ಮುಂದೆ ಬರೋ ವೈದ್ಯಾಧಿಕಾರಿ ತಿದ್ದಬಹುದು' ಎನ್ನುತ್ತಿದ್ದರು. ಅವರು ತೀರಿಕೊಂಡು ಈಗ ಕೆಲವು ತಿಂಗಳಾದವು. ಬರೆಯಲು ಕೂತರೆ ಇಂದಿಗೂ ಆ ಮಾತನ್ನು ಮೀರಲು ಮನಸ್ಸಾಗುತ್ತಿಲ್ಲ.

ನನಗೆ ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಒಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಎಂದು ಬಂದವರ ಅರ್ಜಿ ತುಂಬಿಕೊಡುವುದು ಹೊಟ್ಟೆಪಾಡು. ಅದರ ಜೊತೆಗೆ ಜಿಲ್ಲೆಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವುದು ಹಳೆಯ ಚಟ. ಅಪಘಾತ, ಕಳವು, ಕೆರೆಯಲ್ಲಿ ಹೆಣ ಇಂಥವು ಬಂದಾಗ ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಶವಾಗಾರಕ್ಕೆ ಹೋಗಿ ನಿಲ್ಲುತ್ತಿದ್ದೆ. ಡಾಕ್ಟ್ರಮ್ಮ ನಮ್ಮ ಊರಿಗೆ ವರ್ಗವಾಗಿ ಬಂದ ಮೇಲೆ ಅಲ್ಲಿ ನಿಲ್ಲುವ ರೀತಿಯೇ ಬದಲಾಯಿತು. ಅವರು ಯಾರನ್ನೂ ಬಾಗಿಲಲ್ಲಿ ಸುಮ್ಮನೆ ನಿಲ್ಲಲು ಬಿಡುತ್ತಿರಲಿಲ್ಲ. ಏನಾದರೂ ಕೇಳುತ್ತಿದ್ದರು.

ಮೊದಲ ಸಲ ಅವರನ್ನು ಕಂಡದ್ದು ಒಂದು ಗೋಣಿಚೀಲದ ನೆಪದಲ್ಲಿ. ಬೇಸಿಗೆಗೆ ನೀರು ಹಿಂದೆ ಸರಿದು ಕೆರೆಯೊಂದರ ದಂಡೆಯ ಕೆಸರಿನಲ್ಲಿ ಚೀಲ ಕಂಡಿತ್ತು. ಬಿಚ್ಚಿದರೆ ಎಲುಬು. ಸಣ್ಣ ಎಲುಬು ನೋಡಿದವರೆಲ್ಲ ಮಗುವಿನದೇ ಎಂದು ತೀರ್ಮಾನಿಸಿಬಿಟ್ಟಿದ್ದರು. ನಾನು ಆಸ್ಪತ್ರೆ ಮುಟ್ಟುವಾಗ ಅವರು ಹಿಂಬದಿಯ ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ ಎಲುಬುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಐವತ್ತು ದಾಟಿದ ಸಣಕಲು ಹೆಂಗಸು. ಹತ್ತಿಯ ಸೀರೆ, ಅದರ ಕೆಳಗೆ ಬಿಳಿಯ ಸ್ಪೋರ್ಟ್ಸ್ ಬೂಟು. ಹೆಬ್ಬೆರಳ ಬುಡದಲ್ಲಿ ಗಂಟು ಎದ್ದು ಚಪ್ಪಲಿ ಹಾಕಲು ಬರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸೀರೆಗೆ ಬೂಟು ಹಾಕುವ ಡಾಕ್ಟ್ರು ಎಂದು ಊರಲ್ಲಿ ನಗುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ತಲೆ ಎತ್ತದೆಯೇ ಅವರು ಕೇಳಿದ್ದು, 'ಪೇಪರ್‌ನೋರಾ? ಕುರಿ ಕೋಳಿ ತಿಂತೀರಾ?'

'ಇಲ್ಲ ಮೇಡಂ. ನಾವು ಲಿಂಗಾಯತರು.'

'ಹಾಗಾದ್ರೆ ನಿಮಗೆ ಇದು ಗೊತ್ತಾಗಲ್ಲ ಬಿಡಿ. ಆ ಪೊಲೀಸಪ್ಪನ್ನ ಕೇಳಿ.'

ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಹತ್ತಿರ ಬಂದು ಬಗ್ಗಿ ನೋಡಿ, ಮೇಕೆ ಇದ್ದಂಗೈತೆ ಎಂದು ನಾಚಿಕೊಂಡೇ ಹೇಳಿದ. ಡಾಕ್ಟ್ರಮ್ಮ ಸಂತೋಷದಿಂದ ತಲೆಯಾಡಿಸಿದರು. ಆಮೇಲೆ ಒಂದು ಎಲುಬನ್ನು ಬೆಳಕಿಗೆ ಹಿಡಿದು ಅದರ ಮೇಲಿದ್ದ ಸಣ್ಣ ಕಚ್ಚುಗಳನ್ನು ನನಗೆ ತೋರಿಸಿದರು. ಮಾಂಸದಂಗಡಿಯ ಕತ್ತಿಯ ಗುರುತು ಅದು. ಕತ್ತಿ ಬಿದ್ದ ಕಡೆ ಎಲುಬಿನ ಅಂಚು ಹೇಗೆ ನೇರವಾಗಿ ಕತ್ತರಿಸಿದಂತಿರುತ್ತದೆ, ನಾಯಿ ಕಚ್ಚಿದ ಕಡೆ ಹೇಗೆ ಗುಳಿ ಗುಳಿಯಾಗಿರುತ್ತದೆ ಎಂದು ಬೆರಳಿಟ್ಟು ವಿವರಿಸಿದರು. ನನಗೆ ಬೇಕಾಗಿದ್ದದ್ದು ಸುದ್ದಿ. ಅದು ಮೇಕೆಯಾದ ಮೇಲೆ ಸುದ್ದಿಯಿರಲಿಲ್ಲ. ಆದರೂ ಅರ್ಧ ಗಂಟೆ ಅಲ್ಲೇ ನಿಂತೆ.

ಎಲುಬಿನ ಬಗ್ಗೆ ಅವರ ಆಸಕ್ತಿಯಲ್ಲಿ ವಿಕಾರವೇನೂ ಇರಲಿಲ್ಲ. ಬಡಗಿ ಮರದ ತುಂಡನ್ನು ತಿರುಗಿಸಿ ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದರು. ಆದರೆ ದೊಡ್ಡ ಮಾತು ಆಡಿದರೆ ಸಿಟ್ಟಾಗುತ್ತಿದ್ದರು. ಒಮ್ಮೆ ನಾನು 'ಎಲುಬುಗಳು ಮಾತನಾಡುತ್ತವೆ' ಎಂಬ ತಲೆಬರಹ ಬರೆದು ಓದಿ ತೋರಿಸಿದೆ. ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದೇಬಿಟ್ಟರು. 'ಎಲುಬು ಎಂತ ಮಾತಾಡುತ್ತೆ ಮಾರಾಯ್ರೆ. ಮಾತಾಡೋದೆಲ್ಲ ನಾವು' ಎಂದರು.

ಅವರು ಸೊರಬದ ಕಡೆಯವರು. ಮಾತಿನಲ್ಲಿ ಆ ಕಡೆಯ 'ಎಂತ', 'ಮಾರಾಯ್ರೆ' ಕೊನೆಯವರೆಗೂ ಉಳಿದಿದ್ದವು. ಮದುವೆಯಾಗಿರಲಿಲ್ಲ. ಏಕೆ ಎಂದು ಯಾರಾದರೂ ಕೇಳಿದರೆ ಬೇಸರಪಟ್ಟುಕೊಳ್ಳದೆ, 'ಗೊತ್ತಿಲ್ಲ' ಎನ್ನುತ್ತಿದ್ದರು. ಗೊತ್ತಿಲ್ಲ ಎನ್ನುವುದಕ್ಕೆ ಅವರಿಗೆ ಸಂಕೋಚವೇ ಇರಲಿಲ್ಲ. ರೋಗಿಗಳಿಗೂ ಹೇಳುತ್ತಿದ್ದರು, ಪೊಲೀಸರಿಗೂ ಹೇಳುತ್ತಿದ್ದರು. ಡಾಕ್ಟರೇ ಗೊತ್ತಿಲ್ಲ ಅಂದರೆ ಹೆಂಗೆ ಎಂದು ಕೆಲವರು ಖಾಸಗಿ ಆಸ್ಪತ್ರೆಗೆ ಹೋದದ್ದೂ ಉಂಟು.

ಇನ್ನೊಂದು ಸಲ ಒಂದು ಹಳ್ಳಿಯ ಕೆರೆಯಲ್ಲಿ ಅಲೆ ಹೊಡೆದು ದಂಡೆ ಕುಸಿದು, ಮಣ್ಣಿನ ಗೋಡೆಯಲ್ಲಿ ಒಂದು ಅಸ್ಥಿಪಂಜರ ಕಾಣಿಸಿಕೊಂಡಿತು. ಮಂಡಿ ಮಡಿಸಿ ಕೂತ ಭಂಗಿ. ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ದೂರದ ಜಿಲ್ಲೆಯವರು. ಯಾರನ್ನೋ ಕೈಕಾಲು ಕಟ್ಟಿ ಗುಂಡಿಗೆ ತುರುಕಿದ್ದಾರೆ ಎಂದೇ ಅವರು ತಿಳಿದಿದ್ದರು. ಡಾಕ್ಟ್ರಮ್ಮ ಅಲ್ಲಿಂದ ನನ್ನ ಅಂಗಡಿಗೆ ಫೋನ್ ಮಾಡಿ, ನಿಮ್ಮ ತಾಯಿಯವರನ್ನು ಕರೆದುಕೊಂಡು ಬನ್ನಿ ಎಂದರು. ಯಾಕೆಂದು ತಿಳಿಯದೆ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅವ್ವ ಸೆರಗು ಹೊದ್ದು ಹತ್ತಿರ ಹೋಗಿ ನೋಡಿದಳು. ಆಮೇಲೆ ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿ, 'ನಮ್ಮೋರೇ ರೀ ಯಾರೋ. ಕುಂದ್ರಿಸಿ ಸಮಾಧಿ ಮಾಡ್ಯಾರ. ಎಡಗೈ ಹತ್ರ ನೋಡ್ರಿ, ಲಿಂಗ ಇರಬೇಕು' ಎಂದಳು. ಮಣ್ಣು ಬಿಡಿಸಿದರೆ ಇತ್ತು. ಕೆರೆ ಹಿಗ್ಗಿಸುವ ಮೊದಲು ಅದು ಯಾರದೋ ಹೊಲದ ಮೂಲೆಯ ಸಮಾಧಿ.

ಡಾಕ್ಟ್ರಮ್ಮನಿಗೆ ಅದು ಮೊದಲೇ ಹೊಳೆದಿತ್ತು. ಆದರೆ ತಮಗಿಂತ ಚೆನ್ನಾಗಿ ಗೊತ್ತಿರುವವರ ಬಾಯಲ್ಲೇ ಅದು ಬರಲಿ ಎಂಬುದು ಅವರ ಪದ್ಧತಿ. ವಾಪಸ್ ಬರುವಾಗ ಅವ್ವನನ್ನು ತಮ್ಮ ಜೀಪಿನಲ್ಲಿ ಕೂರಿಸಿಕೊಂಡು, ವಿಭೂತಿ ಎಷ್ಟು ಹಾಕುತ್ತೀರಿ, ಪತ್ರೆ ಯಾಕೆ, ಗುಂಡಿಯ ಅಳತೆ ಯಾರು ಹೇಳುತ್ತಾರೆ ಎಂದು ದಾರಿಯುದ್ದ ಕೇಳಿ ಬರೆದುಕೊಂಡರಂತೆ. ಮನೆಗೆ ಬಂದ ಅವ್ವ, 'ಆಯಮ್ಮ ಡಾಕ್ಟರೋ, ಸಾಲಿಗೆ ಹೋಗೋ ಹುಡುಗಿನೋ' ಎಂದಳು.

ಇವೆಲ್ಲ ನಗುತ್ತಾ ಹೇಳಬಹುದಾದ ಸಂಗತಿಗಳು. ಬೂಟಿನ ಸಂಗತಿ ಹಾಗಲ್ಲ. ಅದರಲ್ಲಿ ನನ್ನ ತಪ್ಪಿದೆ.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಸೊರಬದ ರಸ್ತೆಯ ಕಡೆಗಿರುವ ಒಂದು ಹಳ್ಳಿಯ ದೊಡ್ಡ ಕೆರೆಯಲ್ಲಿ ಮೀನು ಹಿಡಿಯುವವರಿಗೆ ಜೊಂಡಿನ ನಡುವೆ ಒಂದು ಸ್ಪೋರ್ಟ್ಸ್ ಬೂಟು ಸಿಕ್ಕಿತು. ಕಾಲುಚೀಲ ಹಾಗೇ ಇತ್ತು. ಕಾಲುಚೀಲದೊಳಗೆ ಪಾದದ ಎಲುಬುಗಳಿದ್ದವು. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಆ ಊರಿನವರಿಗೂ ನನಗೂ ಅದು ಒಳ್ಳೆಯ ನೆನಪಲ್ಲ. ನಾನು ಹೋಗುವ ಹೊತ್ತಿಗೆ ಪೊಲೀಸರು ಬೂಟನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಆಸ್ಪತ್ರೆಗೆ ಬಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ, ಪತ್ರಿಕೆಯವರು ಅವಸರ ಮಾಡುತ್ತಿದ್ದರು. 'ಕೆರೆ ದಂಡೆಯಲ್ಲಿ ಕತ್ತರಿಸಿದ ಕಾಲು ಪತ್ತೆ' ಎಂದು ಕಳಿಸಿದೆ. ಕತ್ತರಿಸಿದ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೂಟಿನೊಳಗೆ ಪಾದ ಮಾತ್ರ ಇದ್ದರೆ ಯಾರೋ ಕತ್ತರಿಸಿರಲೇಬೇಕಲ್ಲ ಎಂದು ನನ್ನಷ್ಟಕ್ಕೆ ನಾನೇ ಅಂದುಕೊಂಡಿದ್ದೆ.

ನಾಲ್ಕು ದಿನ ಬಿಟ್ಟು ಕೆರೆಯ ಆಚೆ ದಡದಲ್ಲಿ ಇನ್ನೊಂದು ಬೂಟು ಸಿಕ್ಕಿತು. ಅದರಲ್ಲೂ ಪಾದ. ಆಮೇಲೆ ಸುದ್ದಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಹಳೆಯ ಗುಡಿಗಳಿರುವ ಬಂದಳಿಕೆಯ ಕಡೆ ನಿಧಿಗಾಗಿ ಬಲಿ ಕೊಡುವವರು ಬಂದಿದ್ದಾರಂತೆ, ಮೊದಲು ಕಾಲು ಕಡಿಯುತ್ತಾರಂತೆ ಎಂದರು. ಈಸೂರಿನ ದಾರಿಯಲ್ಲಿ ನಂಬರಿಲ್ಲದ ವ್ಯಾನು ಕಂಡಿತಂತೆ ಎಂದು ಯಾರೋ ಸೇರಿಸಿದರು. ಹೆಂಗಸರು ಕೆರೆಗೆ ಬಟ್ಟೆ ಒಯ್ಯುವುದನ್ನು ಬಿಟ್ಟರು. ಮಕ್ಕಳನ್ನು ಶಾಲೆಯಿಂದ ದೊಡ್ಡವರೇ ಹೋಗಿ ಕರೆತರತೊಡಗಿದರು. ಸಂತೆಗೆ ಬರುತ್ತಿದ್ದ ಹೊರಗಿನ ವ್ಯಾಪಾರಿಗಳ ಮುಖವನ್ನು ಎಲ್ಲರೂ ಎರಡೆರಡು ಸಲ ನೋಡುತ್ತಿದ್ದರು.

ಹೀಗಿರುವಾಗ ದುರ್ಗಪ್ಪ ಎಂಬವನು ಆ ಹಳ್ಳಿಗೆ ಬಂದ. ಅವನು ಹಾನಗಲ್ ಕಡೆಯವನು. ಮನೆಮನೆಗೆ ಹೋಗಿ ಹೆಂಗಸರ ಉದುರಿದ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ ಕೊಡುವ ವ್ಯಾಪಾರ ಅವನದು. ಚೀಲದಲ್ಲಿ ಕೂದಲು ಕಂಡವರೊಬ್ಬರು ಕೂಗಿದರು. ನಡು ಮಧ್ಯಾಹ್ನ, ಪಂಚಾಯಿತಿ ಕಟ್ಟೆಯ ಮುಂದಿನ ಕಂಬಕ್ಕೆ ಕಟ್ಟಿ ಹೊಡೆದರು. ಪೊಲೀಸರು ಬಂದು ಬಿಡಿಸಿದಾಗ ಅವನ ಮುಂಗೈ ಎಲುಬು ಮುರಿದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮ ನನ್ನನ್ನು ಆಸ್ಪತ್ರೆಗೆ ಕರೆಸಿದರು. ಸಬ್ ಇನ್‌ಸ್ಪೆಕ್ಟರ್ ಅಲ್ಲೇ ಇದ್ದರು. ಮೇಜಿನ ಮೇಲೆ ನನ್ನ ಸುದ್ದಿ ಬಂದಿದ್ದ ಪತ್ರಿಕೆ ಇತ್ತು. ಡಾಕ್ಟ್ರಮ್ಮ ಬೈಯುತ್ತಾರೆಂದು ಕಾದೆ. ಅವರು ತಲೆಬರಹದ ಮೇಲೆ ಬೆರಳಿಟ್ಟು ಕೇಳಿದ್ದಿಷ್ಟೇ:

'ಕತ್ತರಿಸಿದ ಅಂತ ಬರ್ದಿದ್ದೀರಲ್ಲ. ಇದನ್ನ ಯಾರು ನೋಡಿದ್ರು?'

'ಯಾರೂ ನೋಡಿಲ್ಲ ಮೇಡಂ. ನಾನೇ ಹಾಕ್ದೆ.'

'ಹಂ. ಬನ್ನಿ, ಈಗ ನೋಡಿ.'

ಸಬ್ ಇನ್‌ಸ್ಪೆಕ್ಟರ್ ತಲೆಯಾಡಿಸಿದ ಮೇಲೆ ಒಳಗೆ ಕರೆದೊಯ್ದರು. ಬಿಳಿ ಬಟ್ಟೆಯ ಮೇಲೆ ಪಾದದ ಎಲುಬುಗಳಿದ್ದವು. ಕಾಲೂ ಪಾದವೂ ಕೂಡುವ ಕೀಲಿನ ಎಲುಬನ್ನು ಚಿಮಟದಲ್ಲಿ ಎತ್ತಿ ತಿರುಗಿಸಿ ತೋರಿಸಿದರು. ನಯವಾಗಿತ್ತು, ಒಂದು ಕಚ್ಚೂ ಇರಲಿಲ್ಲ. ಮೇಕೆಯ ಎಲುಬಿನ ಮೇಲೆ ಅಂದು ಕಂಡಿದ್ದ ಗುರುತುಗಳು ನನಗೆ ನೆನಪಿದ್ದವು. ಕೊಡಲಿಯೋ ಮಚ್ಚೋ ಬಿದ್ದಿದ್ದರೆ ಇಲ್ಲಿ ಏನಾದರೂ ಇರಬೇಕಿತ್ತು. ನೀರಿನಲ್ಲಿ ತಿಂಗಳುಗಟ್ಟಲೆ ಇದ್ದ ದೇಹದಲ್ಲಿ ಈ ಕೀಲು ಬೇಗ ಸಡಿಲವಾಗುತ್ತದೆ ಎಂದು ಅವರು ವಿವರಿಸಿದರು. ಅಲ್ಲಿ ಮಾಂಸ ಕಡಿಮೆ, ಬರೀ ನರ ಮತ್ತು ಎಲುಬು ಹಿಡಿದಿಡುವ ಕಟ್ಟುಗಳು. ಮೀನು, ಏಡಿ ಕಿತ್ತು ತಿನ್ನುತ್ತವೆ. ಕಟ್ಟು ಬಿಟ್ಟಿತೆಂದರೆ ಪಾದ ಬೂಟಿನ ಸಮೇತ ಕಳಚಿಕೊಳ್ಳುತ್ತದೆ. ಈಗಿನ ಬೂಟುಗಳ ಅಟ್ಟೆ ಹಗುರ, ಅದರಲ್ಲಿ ಗಾಳಿ ತುಂಬಿರುತ್ತದೆ. ಅದು ಮೇಲೆ ಬರುತ್ತದೆ, ಗಾಳಿ ಬೀಸಿದ ಕಡೆ ಹೋಗಿ ದಡ ಸೇರುತ್ತದೆ. ಉಳಿದ ದೇಹ ಕೆಳಗೆ ಕೆಸರಿನಲ್ಲೇ ಉಳಿಯುತ್ತದೆ.

ಹಾಗಾದರೆ ಎರಡು ಬೂಟು ಎರಡು ದಡಕ್ಕೆ ಹೋದದ್ದು ಹೇಗೆ ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. 'ಬೇರೆ ಬೇರೆ ದಿನ ಕಳಚಿರಬಹುದು. ಗಾಳಿ ತಿರುಗಿರಬಹುದು. ಇರಬಹುದು ಅಷ್ಟೇ' ಎಂದರು ಡಾಕ್ಟ್ರಮ್ಮ.

ಅದನ್ನೆಲ್ಲ ಬರೆದುಕೊಂಡು ಹೊರಡುವವನಿದ್ದೆ. ಅವರು ವಾರ್ಡಿನ ಕಡೆ ಕೈ ತೋರಿಸಿ, ಅವನನ್ನೂ ನೋಡಿಕೊಂಡು ಹೋಗಿ ಎಂದರು. ದುರ್ಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೈಗೆ ಹಸಿ ಪ್ಲಾಸ್ಟರ್ ಪಟ್ಟಿ. ನಾನು ಮಂಚದ ಹತ್ತಿರ ನಿಂತೆ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಡದೆಯೇ ಹೊರಗೆ ಬಂದೆ.

ಅದೇ ದಿನ ಸಂಜೆ ಡಾಕ್ಟ್ರಮ್ಮ ಆ ಹಳ್ಳಿಗೆ ಹೋದರು. ಅವರ ಕೆಲಸ ವರದಿ ಕೊಡುವುದು, ಊರಿಗೆ ಹೋಗಿ ತಿಳಿಹೇಳುವುದಲ್ಲ. ಪೊಲೀಸರು ಸಭೆ ಕರೆಯುತ್ತಾರೆಂದು ಕೇಳಿ, ನಾನೂ ಬರುತ್ತೇನೆ ಎಂದು ಜೀಪು ಹತ್ತಿದ್ದರು. ನಾನು ಹಿಂದಿನಿಂದ ಬೈಕಿನಲ್ಲಿ ಹೋದೆ. ಪಂಚಾಯಿತಿ ಕಟ್ಟೆಯ ಮುಂದೆ ಜನ ಸೇರಿದ್ದರು. ಸಬ್ ಇನ್‌ಸ್ಪೆಕ್ಟರ್ ಇದು ಕೊಲೆಯಲ್ಲ, ವದಂತಿ ನಂಬಬೇಡಿ ಎಂದಾಗ ಯಾರೂ ಒಪ್ಪಿದಂತೆ ಕಾಣಲಿಲ್ಲ. ಒಬ್ಬ ಹಿರಿಯರು ಎದ್ದು, 'ಕಾಲು ತಾನೇ ಕಳಚ್ಕೊಂಡು ಈಜ್ಕೊಂಡು ದಡಕ್ ಬಂತು ಅಂದ್ರ ನಾವು ನಂಬಬೇಕೇನ್ರೀ' ಎಂದರು. ಕೆಲವರು ನಕ್ಕರು.

ಡಾಕ್ಟ್ರಮ್ಮ ಒಂದು ಬಕೆಟ್ ನೀರು ಕೇಳಿದರು. ತಂದರು. ಕಟ್ಟೆಯ ಅಂಚಿನ ಮೇಲೆ ಕೂತು, ಸೀರೆಯ ನೆರಿಗೆ ಸರಿಸಿ, ತಮ್ಮ ಬಲಗಾಲಿನ ಬೂಟನ್ನು ಬಿಚ್ಚಿದರು. ಕೆರೆಯ ಹಸಿ ಮಣ್ಣನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪಾದದ ಹಾಗೆ ಒಳಗೆ ತುರುಕಿ ಬಕೆಟ್ಟಿನಲ್ಲಿ ಬಿಟ್ಟರು. ಬೂಟು ಒಂದು ಸಲ ಮುಳುಗಿ, ಮೆಲ್ಲಗೆ ಮಗುಚಿಕೊಂಡು, ಅಟ್ಟೆ ಮೇಲಾಗಿ ತೇಲಿತು. ಹತ್ತಿರದವರು ಬಗ್ಗಿದರು, ಹಿಂದಿದ್ದವರು ಮುಂದೆ ಬಂದರು. ಒಬ್ಬ ಬೆರಳಿನಿಂದ ಒತ್ತಿ ಮುಳುಗಿಸಿದ, ಬಿಟ್ಟಕೂಡಲೇ ಮೇಲೆ ಬಂತು. ಮಾತಾಡಿದ್ದ ಹಿರಿಯರು ತಮ್ಮ ಚರ್ಮದ ಮೆಟ್ಟನ್ನು ತೆಗೆದು ಅದೇ ರೀತಿ ಮಣ್ಣು ಕಟ್ಟಿ ಬಿಟ್ಟರು. ಅದು ತಳ ಮುಟ್ಟಿತು. 'ಮೆಟ್ಟು ಮುಣುಗ್ತೈತಿ, ಬೂಟು ತೇಲ್ತೈತಿ' ಎಂದು ಅವರೇ ಎಲ್ಲರಿಗೂ ಹೇಳಿದರು. ಸಂಜೆಯ ಬಿಸಿಲಲ್ಲಿ ಒಂದು ಕಾಲು ಬರಿಗಾಲಾಗಿ ಕೂತಿದ್ದ ಡಾಕ್ಟ್ರಮ್ಮ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು, ತಾವೂ ಮೊದಲ ಸಲ ನೋಡುತ್ತಿರುವವರ ಹಾಗೆ.

ಆಗ ಅವರು ಅಲ್ಲಿದ್ದವರನ್ನು ಒಂದು ಮಾತು ಕೇಳಿದರು. ಆ ಮಾತನ್ನು ಹದಿನೈದು ದಿನದಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

'ಯಾರು ಮಾಡಿದ್ರು ಅಂತ ಎಲ್ಲರೂ ಹುಡುಕಿದ್ರಿ. ಇದು ಯಾರ ಕಾಲು ಅಂತ ಯಾರಾದ್ರೂ ಕೇಳಿದ್ರಾ? ಮಳೆಗಾಲದಿಂದ ಈಚೆ ನಿಮ್ಮೂರಲ್ಲಿ ಕಾಣದೇ ಹೋದೋರು ಯಾರಿದ್ದಾರೆ?'

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಎಲ್ಲರಿಗೂ ಗೊತ್ತಿತ್ತೆಂದು ಕಾಣುತ್ತದೆ, ಆದರೆ ಅದನ್ನು ಉತ್ತರ ಎಂದು ಯಾರೂ ಯೋಚಿಸಿರಲಿಲ್ಲ. ಪಂಚಾಯಿತಿಯ ನೀರು ಬಿಡುವ ಮಂಜಪ್ಪ ಶ್ರಾವಣದಿಂದ ಊರಲ್ಲಿರಲಿಲ್ಲ. ಗೋವಾ ಕಡೆ ಯಾರದೋ ಜೊತೆ ಓಡಿಹೋಗಿದ್ದಾನೆ ಎಂದು ಊರು ಎಂದೋ ತೀರ್ಮಾನಿಸಿಯಾಗಿತ್ತು. ಮರ್ಯಾದೆ ಹೋಗುತ್ತದೆಂದು ಮನೆಯವರು ದೂರನ್ನೂ ಕೊಟ್ಟಿರಲಿಲ್ಲ.

ಅವನ ಹೆಂಡತಿ ಗಿರಿಜಮ್ಮ ಆ ಸಭೆಗೆ ಬಂದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಬಂದು, ಆಸ್ಪತ್ರೆಯ ದಾರಿ ಕೇಳಲು ನನ್ನ ಅಂಗಡಿಗೇ ಬಂದಳು. ನಾನೇ ಕರೆದುಕೊಂಡು ಹೋದೆ. ಡಾಕ್ಟ್ರಮ್ಮ ಅವಳಿಗೆ ಏನನ್ನೂ ತೋರಿಸಲಿಲ್ಲ. ಎದುರು ಕೂರಿಸಿಕೊಂಡು, ನಿಮ್ಮ ಯಜಮಾನರ ಕಾಲಿನ ಬಗ್ಗೆ ಹೇಳಿ ಎಂದರು. ಗಂಡನಿಗೆ ಚಿಕ್ಕಂದಿನಲ್ಲಿ ಕಾಲು ಮುರಿದು ಎಡಗಾಲು ಸ್ವಲ್ಪ ಗಿಡ್ಡವಾಗಿತ್ತು. ಹಾಕುತ್ತಿದ್ದದ್ದು ಯಾರೋ ಕೊಟ್ಟ ಹಳೆಯ ಬೂಟು, ಎಡಗಾಲಿನ ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಟೈರಿನ ಟ್ಯೂಬನ್ನು ಮೂರು ಪದರ ಕತ್ತರಿಸಿ ಹಾಕಿಕೊಳ್ಳುತ್ತಿದ್ದ ಎಂದಳು. ಕತ್ತರಿಸಿ ಕೊಡುತ್ತಿದ್ದದ್ದು ತಾನೇ ಎಂದಳು.

'ಮೂರು ಪದರ ಇತ್ತಮ್ಮ' ಎಂದರು ಡಾಕ್ಟ್ರಮ್ಮ.

ಗಿರಿಜಮ್ಮ ಅಳಲಿಲ್ಲ. ಹಾಗಾದ್ರೆ ಅವರು ಎಲ್ಲೂ ಹೋಗಿರಲಿಲ್ಲ ಎಂದು ಒಮ್ಮೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಅದನ್ನೇ ಹೇಳಿದಳು. ಒಂಬತ್ತು ತಿಂಗಳು ಅವಳು ಬಿಟ್ಟುಹೋದ ಗಂಡನ ಹೆಂಡತಿಯಾಗಿ ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಹೇಗೆ ಆಯಿತು ಎಂದು ಡಾಕ್ಟ್ರಮ್ಮನನ್ನು ಕೇಳಿದಳು. ಅವರು, 'ನೀರಿಗೆ ಹೇಗೆ ಬಿದ್ರು ಅಂತ ನನಗೆ ಗೊತ್ತಿಲ್ಲಮ್ಮ. ಯಾರೂ ಕಾಲು ಕಡಿದಿಲ್ಲ, ಅದು ಮಾತ್ರ ಗೊತ್ತು' ಎಂದರು. ಸಮಾಧಾನಕ್ಕೆಂದು ಒಂದು ಮಾತನ್ನೂ ಹೆಚ್ಚಿಗೆ ಸೇರಿಸಲಿಲ್ಲ. ಅವಳ ಕೈಯನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡಿದ್ದರು.

ಮೇ ಕೊನೆಯಲ್ಲಿ ಕೆರೆ ಇನ್ನಷ್ಟು ಬತ್ತಿದಾಗ ತೂಬಿನ ಹತ್ತಿರ ಕೆಸರಿನಲ್ಲಿ ಉಳಿದ ಎಲುಬುಗಳು ಸಿಕ್ಕವು. ತೂಬಿಗೆ ಕಸ ಕಟ್ಟಿಕೊಂಡಾಗ ತೆಗೆಯುವುದು ಮಂಜಪ್ಪನ ಕೆಲಸವೇ ಆಗಿತ್ತು. ಕಸ ಎಳೆಯುವ ಕೊಕ್ಕೆಯೂ ಅಲ್ಲೇ ಇತ್ತು. ಮಂಜಪ್ಪನ ಮಗಳ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲಿಂದ ಖಚಿತವಾಗಿ ಉತ್ತರ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ದುರ್ಗಪ್ಪನನ್ನು ಹೊಡೆದವರ ಮೇಲೆ ಕೇಸು ಆಯಿತು, ಆಮೇಲೆ ರಾಜಿಯೂ ಆಯಿತು. ಅವನು ಕೈ ಕೂಡುವ ಮೊದಲೇ ಊರಿಗೆ ಹೋಗಿದ್ದ, ಮತ್ತೆ ನಮ್ಮ ತಾಲ್ಲೂಕಿಗೆ ಕಾಲಿಡಲಿಲ್ಲ.

ನನ್ನ ತಿದ್ದುಪಡಿ ಸುದ್ದಿಯನ್ನು ಪತ್ರಿಕೆ ಒಳಪುಟದ ಮೂಲೆಯಲ್ಲಿ ಹಾಕಿತು. ಅದನ್ನು ಡಾಕ್ಟ್ರಮ್ಮನಿಗೆ ತೋರಿಸಿದೆ. ಓದಿ, ಚೆನ್ನಾಗಿ ಬರೆದಿದ್ದೀರಿ, ಆದರೆ ಇದು ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಿದರು. ಅದು ಕುಹಕವಾಗಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಮೊದಲ ಸುದ್ದಿ ಓದಿದವರಲ್ಲಿ ಎರಡನೆಯದನ್ನು ಓದುವವರು ಎಷ್ಟು ಜನ ಇರಬಹುದು, ಅದನ್ನು ತಿಳಿಯುವ ದಾರಿ ಏನಾದರೂ ಇದೆಯಾ ಎಂದು. ಅಂದಿನಿಂದ ಶವಾಗಾರದ ಯಾವ ಸುದ್ದಿಯನ್ನೂ ಅವರನ್ನು ಕೇಳದೆ ಕಳಿಸಲಿಲ್ಲ. ಇದರಿಂದ ನಮ್ಮ ಪತ್ರಿಕೆಗೆ ಎಷ್ಟೋ ಸಲ ಸುದ್ದಿ ತಡವಾಯಿತು.

ನಿವೃತ್ತಿಯಾದ ಮೇಲೆ ಅವರು ಸೊರಬದಲ್ಲಿ ತಂಗಿಯ ಮನೆಯ ಮೇಲಂತಸ್ತಿನಲ್ಲಿದ್ದರು. ಆ ಕಡೆ ಹೋದಾಗೆಲ್ಲ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಬಹಳ ಇಳಿದುಹೋಗಿದ್ದರು. ತಮ್ಮ ಹೃದಯ ಎಷ್ಟು ಕೆಲಸ ಮಾಡುತ್ತಿದೆ, ಎಷ್ಟು ಮಾಡುತ್ತಿಲ್ಲ ಎಂದು ಇನ್ನೊಬ್ಬರ ವಿಷಯ ಹೇಳುವ ಹಾಗೆ ವಿವರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ದುರ್ಗಪ್ಪನ ಮಾತು ಎತ್ತಿದರು.

'ಅವನು ಡಿಸ್ಚಾರ್ಜ್ ಆಗಿ ಹೋಗುವಾಗ ಪ್ರಯೋಗಾಲಯದ್ದು ಬಂದಿರಲಿಲ್ಲ. ಗಿರಿಜಮ್ಮ ಹೇಳಿದ್ದನ್ನಾದ್ರೂ ಹೇಳಬಹುದಿತ್ತು, ಖಚಿತ ಆಗ್ಲಿ ಅಂತ ಸುಮ್ನಿದ್ದೆ. ಬಂದ ಮೇಲೆ ಮರ್ತೇಬಿಟ್ಟೆ ನೋಡಿ. ಅಷ್ಟು ಹೊಡೆತ ತಿಂದೋನಿಗೆ ಅದು ಯಾರ ಕಾಲು, ಎಂತಕ್ಕೆ ಹೊಡೆದ್ರು ಅಂತ ಯಾರೂ ಹೇಳೇ ಇಲ್ಲ.'

ನಾನು ಹೋಗಿ ಹೇಳುತ್ತೇನೆ ಎಂದೆ. ಮಾತು ಕೊಟ್ಟ ಮೇಲೂ ಅಂಗಡಿ, ಮನೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದಳು ಎಂದರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಹಾನಗಲ್ ಬಸ್ಸು ಹತ್ತಿದೆ. ಹಿಂದೆ ಸುದ್ದಿಯಲ್ಲಿ ಬರೆದಿದ್ದರಿಂದ ಊರಿನ ಹೆಸರು ನನಗೆ ಗೊತ್ತಿತ್ತು. ದುರ್ಗಪ್ಪ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ಮುರಿದ ಕೈ ಸ್ವಲ್ಪ ಸೊಟ್ಟವಾಗಿಯೇ ಕೂಡಿತ್ತು. ನಾನು ಶಿಕಾರಿಪುರದಿಂದ ಬಂದವನು ಎಂದಕೂಡಲೇ ಎದ್ದು ನಿಂತ. ಕೂರಲು ಹೇಳಿ, ಮೊದಲು ನನ್ನ ತಪ್ಪು ಹೇಳಿದೆ: ಕತ್ತರಿಸಿದ ಎಂಬ ಮಾತು ನನ್ನದು ಎಂದು. ಅವನಿಗೆ ಪೇಪರಿನ ವಿಷಯವೇ ಗೊತ್ತಿರಲಿಲ್ಲ. ಆಮೇಲೆ ಮಂಜಪ್ಪನ ವಿಷಯ, ತೂಬು, ಬೂಟು, ಗಿರಿಜಮ್ಮ ಎಲ್ಲ ಹೇಳಿದೆ. ಡಾಕ್ಟ್ರಮ್ಮ ಹೋದದ್ದನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಮುರಿದ ಕೈಯನ್ನು ಒಂದೊಂದೇ ಬೆರಳು ಮುಟ್ಟಿ, ಇದು ನೋಯ್ತದೇನಪ್ಪ, ಇದು ನೋಯ್ತದೇನಪ್ಪ ಎಂದು ಅವರು ಕೇಳಿದ್ದು ನೆನಪಿದೆ ಎಂದ.

ನಾನು ಮುಗಿಸಿದ ಮೇಲೆ ಅವನು ಕೇಳಿದ್ದು ಬೇರೆಯೇ. 'ಇದನ್ನ ಚಾ ಅಂಗಡಿಗೆ ಬಂದು ಇನ್ನೊಮ್ಮೆ ಹೇಳ್ತೀರೇನ್ರಿ?' ಎಂದ.

ಯಾಕೆಂದು ಅವನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಏನೂ ಮಾಡದೆ ಯಾರು ಸುಮ್ಮನೆ ಹೊಡೆಯುತ್ತಾರೆ ಎಂದು ಊರಲ್ಲಿ ಇಷ್ಟು ವರ್ಷ ಮಾತಿತ್ತು. ಮಗಳಿಗೆ ಬಂದ ಎರಡು ಸಂಬಂಧ ಅದೇ ಮಾತಿನಿಂದ ತಪ್ಪಿದ್ದವು. ಕೊನೆಗೆ ದೂರದ ಊರಿಗೆ ಕೊಟ್ಟರಂತೆ.

ಚಾ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ನಾನು ನಿಂತುಕೊಂಡೇ ಹೇಳಿದೆ. ನೀರಿನಲ್ಲಿ ಕೀಲು ಹೇಗೆ ಬಿಡುತ್ತದೆ, ಬೂಟು ಯಾಕೆ ತೇಲುತ್ತದೆ, ಎರಡು ದಡಕ್ಕೆ ಹೇಗೆ ಹೋಗಿರಬಹುದು, ಸತ್ತವನು ಯಾರು, ಅವನ ಹೆಂಡತಿ ಹೇಗೆ ಗುರುತು ಹಿಡಿದಳು ಎಲ್ಲವನ್ನೂ. ಅವರು ಒಂದೊಂದಾಗಿ ಪ್ರಶ್ನೆ ಕೇಳಿದರು, ನನಗೆ ತಿಳಿದಷ್ಟು ಹೇಳಿದೆ. ದುರ್ಗಪ್ಪ ಬೆಂಚಿನ ತುದಿಯಲ್ಲಿ ಕೂತು, ನನ್ನನ್ನಲ್ಲ, ಕೇಳುತ್ತಿದ್ದವರ ಮುಖಗಳನ್ನು ನೋಡುತ್ತಿದ್ದ.

ಎಲ್ಲ ಮುಗಿದ ಮೇಲೆ ಅವರಲ್ಲಿ ವಯಸ್ಸಾದ ಒಬ್ಬರು ಅವನ ಕಡೆ ತಿರುಗಿದರು. 'ಹಿಂಗಂತ ಮೊದ್ಲ ಹೇಳಬಾರದಾಗಿತ್ತೇನೋ ದುರ್ಗಪ್ಪ?'

'ನನಗ ಯಾರರ ಹೇಳಿದ್ರ ಅಲ್ಲೇನ್ರಿ' ಎಂದ ದುರ್ಗಪ್ಪ.